ಅರವತ್ತಾದ ಮೇಲೆ ಒಂದು ಹೊಸ ಆಟ

ನಮ್ಮ ಕಡೆ ಒಬ್ಬರು ನಿವೃತ್ತರಾದರೆ ಸಿಗುವ ಸಲಹೆ ಎರಡೇ: ದಿನಾ ವಾಕಿಂಗ್ ಮಾಡಿ, ಬೇಜಾರಾದರೆ ದೇವಸ್ಥಾನಕ್ಕೆ ಹೋಗಿ ಬನ್ನಿ. ಎರಡೂ ಒಳ್ಳೆಯ ಮಾತೇ. ಬೆಳಗಿನ ತಂಪಿನಲ್ಲಿ ಬಬ್ಬೂರು ಫಾರಂ ಕಡೆ ನಡೆಯುವ ಹಿರಿಯೂರಿನ ಪೆನ್ಷನ್‌ದಾರರನ್ನು ಕಂಡಾಗಲೆಲ್ಲ ನನಗೆ ಖುಷಿಯಾಗುತ್ತದೆ. ಆದರೆ ಅವರಿಗೆ ‘ಇನ್ನಾದರೂ ಆಟ ಆಡಿ’ ಎಂದು ಹೇಳಿದವರು ಯಾರೂ ಇದ್ದಂತಿಲ್ಲ. ಮದುವೆ ಮಕ್ಕಳು ಆದಮೇಲೆ ಆಟ ಬಿಡಬೇಕು, ಐವತ್ತು ದಾಟಿದ ಮೇಲೆ ಅದನ್ನು ಟಿ.ವಿ.ಯಲ್ಲಿ ನೋಡಬೇಕು ಎಂದು ನಾವೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟಿದ್ದೇವೆ. ವಯಸ್ಸಾದವರ ಶುಗರ್, ಬಿ.ಪಿ. ಬಗ್ಗೆ ಮನೆಮನೆಯಲ್ಲೂ ಮಾತಿದೆ. ಅವರ ಗೆಳೆತನದ ಬಗ್ಗೆ, ನಲಿವಿನ ಬಗ್ಗೆ ಯಾರೂ ಕೇಳುವುದಿಲ್ಲ. ಅದಕ್ಕೇ ಈ ಸಲ ನಮ್ಮೂರಿನಲ್ಲಿ ಆಡದ ಒಂದು ಆಟವನ್ನು ಹಿಡಿದು ಬರೆಯುತ್ತಿದ್ದೇನೆ. ಅದು ಗಾಲ್ಫ್.

ನಮ್ಮೂರಲ್ಲಿ ಇಲ್ಲದ ಆಟ ನಮಗೇಕೆ ಎಂದು ಕೇಳಬಹುದು. ಆದರೆ ನಮ್ಮ ಜನ ಈಗ ನಮ್ಮೂರಿನಲ್ಲೇ ಎಲ್ಲಿದ್ದಾರೆ? ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಬದುಕು ಕಟ್ಟಿದ ಎಷ್ಟೋ ಮಂದಿ ಅರವತ್ತರ ನಂತರ ಬೆಂಗಳೂರಿನ ಮಗನ ಮನೆಗೆ ಹೋಗುತ್ತಾರೆ. ಕೆಲವರು ಮೊಮ್ಮಗುವನ್ನು ನೋಡಿಕೊಳ್ಳಲು ಆರಾರು ತಿಂಗಳು ಅಮೆರಿಕದಲ್ಲಿರುತ್ತಾರೆ. ಕೆ.ಇ.ಬಿ.ಯಲ್ಲಿ ಕೆಲಸ ಮಾಡಿ ನಿವೃತ್ತರಾದ ಗೆಳೆಯರೊಬ್ಬರು ಬೆಂಗಳೂರಿನ ಫ್ಲ್ಯಾಟಿನಿಂದ ಫೋನ್ ಮಾಡಿ ಹೇಳಿದ ಮಾತು ನನ್ನ ಮನಸ್ಸಿನಲ್ಲೇ ಉಳಿದಿದೆ: “ಊಟ ತಿಂಡಿಗೆ ಏನೂ ಕಮ್ಮಿ ಇಲ್ಲ ಕಣಪ್ಪ, ಮಾತಾಡಾಕೆ ಜನ ಇಲ್ಲ.” ಊರಿನಲ್ಲಿ ಕಟ್ಟೆಯ ಮೇಲೆ ಕೂತರೆ ಮಾತಿಗೆ ಯಾರಾದರೂ ಬಂದೇ ಬರುತ್ತಾರೆ. ಹೊಸ ಊರಿನಲ್ಲಿ ಮಾತಿಗೆ ಒಂದು ನೆಪ ಬೇಕು. ಗಾಲ್ಫ್ ಅಂಥ ನೆಪವನ್ನು ಬಹಳ ಚೆನ್ನಾಗಿ ಒದಗಿಸುವ ಆಟ. ಶ್ರೀಮಂತರ ಆಟವೆಂದು ದೂರ ಇಟ್ಟು ನಮ್ಮ ಹಿರಿಯರು ಅದನ್ನು ಕಳೆದುಕೊಳ್ಳಬಾರದು ಎಂಬುದು ನನ್ನ ವಾದ.

ಮೊದಲು ಆಟ ಏನೆಂದು ನೋಡೋಣ. ಚಿನ್ನಿದಾಂಡು ಆಡಿದವರಿಗೆ, ಗೋಲಿಯನ್ನು ಗುಳಿಗೆ ಉರುಳಿಸಿದವರಿಗೆ ಇದು ಅರ್ಥವಾಗಲು ಎರಡು ನಿಮಿಷ ಸಾಕು. ಆ ಎರಡನ್ನೂ ಒಂದೇ ಆಟದಲ್ಲಿ ಸೇರಿಸಿದರೆ ಗಾಲ್ಫ್. ಆರಂಭದಲ್ಲಿ ಚೆಂಡನ್ನು ಕೋಲಿನಿಂದ ಬೀಸಿ ದೂರ ಹೊಡೆಯಬೇಕು, ಕೊನೆಯಲ್ಲಿ ಮೆಲ್ಲಗೆ ತಳ್ಳಿ ಗುಳಿಗೆ ಬೀಳಿಸಬೇಕು. ಚೆಂಡು ನಾಲ್ಕು ಸೆಂಟಿಮೀಟರಿಗಿಂತ ತುಸು ದಪ್ಪ, ತೂಕ 46 ಗ್ರಾಂ ಒಳಗೆ. ಗುಳಿಯ ಬಾಯಿ ನಾಲ್ಕೂಕಾಲು ಇಂಚು. ಒಂದು ಪೂರ್ಣ ಮೈದಾನದಲ್ಲಿ ಇಂಥ 18 ಗುಳಿಗಳು. ಹೊಡೆಯುವ ಜಾಗದಿಂದ ಗುಳಿಗೆ ಒಂದು ಕಡೆ ನೂರಿಪ್ಪತ್ತು ಮೀಟರ್ ಇದ್ದರೆ ಇನ್ನೊಂದು ಕಡೆ ಐನೂರು ಮೀಟರ್ ಇರುತ್ತದೆ. ನಡುವೆ ಮರ, ಹಳ್ಳ, ಬಂಕರ್ ಎಂದು ಕರೆಯುವ ಮರಳಿನ ಗುಂಡಿ. ಪ್ರತಿ ಗುಳಿಗೂ ಇಷ್ಟು ಹೊಡೆತ ಎಂಬ ಲೆಕ್ಕವಿದೆ, ಅದಕ್ಕೆ ಪಾರ್ ಎನ್ನುತ್ತಾರೆ: ಮೂರು, ನಾಲ್ಕು ಇಲ್ಲವೇ ಐದು. ಎಲ್ಲ ಕೂಡಿದರೆ ಹೆಚ್ಚಿನ ಮೈದಾನಗಳಲ್ಲಿ 72 ಅಥವಾ ಅದರ ಆಸುಪಾಸು. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದಂತೆ. ಎದುರಾಳಿ ನಿಮ್ಮ ಚೆಂಡನ್ನು ಮುಟ್ಟುವ ಹಾಗಿಲ್ಲ, ತಡೆಯುವ ಹಾಗಿಲ್ಲ. ಓಡುವುದು, ಜಿಗಿಯುವುದು, ಬೀಳುವುದು ಯಾವುದೂ ಇಲ್ಲ. ನಿಂತಿರುವ ಚೆಂಡನ್ನು ನಿಮಗೆ ಬೇಕಾದ ಹೊತ್ತಿಗೆ ಹೊಡೆಯುತ್ತೀರಿ.

ಇಷ್ಟೇ ಆಗಿದ್ದರೆ ನಾನು ಅಂಕಣ ಬರೆಯುತ್ತಿರಲಿಲ್ಲ. ಈ ಆಟದೊಳಗೆ ಹ್ಯಾಂಡಿಕ್ಯಾಪ್ ಎಂಬ ಒಂದು ಏರ್ಪಾಡಿದೆ. ಇಷ್ಟು ನ್ಯಾಯವಾದ ಏರ್ಪಾಡು ಬೇರೆ ಆಟದಲ್ಲಿ ನನಗೆ ಕಂಡಿಲ್ಲ. ಕೇರಂನಲ್ಲಾಗಲಿ, ಶಟಲ್‌ನಲ್ಲಾಗಲಿ ಹೊಸಬನ ಜತೆ ಪಳಗಿದವನು ಆಡಿದರೆ ಇಬ್ಬರಿಗೂ ಬೇಸರ. ಒಬ್ಬ ಸೋಲುತ್ತಲೇ ಇರುತ್ತಾನೆ, ಇನ್ನೊಬ್ಬ ಬೆವರೇ ಬರದೆ ಗೆಲ್ಲುತ್ತಾನೆ. ಗಾಲ್ಫ್‌ನಲ್ಲಿ ಆಡಿದವರ ಹಿಂದಿನ ಅಂಕಗಳನ್ನು ನೋಡಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡುತ್ತಾರೆ. ಆಟ ಮುಗಿದ ಮೇಲೆ ಆ ಸಂಖ್ಯೆಯನ್ನು ಹೊಡೆತಗಳಿಂದ ಕಳೆಯುತ್ತಾರೆ. 66 ವರ್ಷದ ನಿವೃತ್ತ ಮೇಷ್ಟ್ರೊಬ್ಬರು 100 ಹೊಡೆತಗಳಲ್ಲಿ ಮುಗಿಸಿದರು ಎಂದಿಟ್ಟುಕೊಳ್ಳಿ, ಅವರ ಹ್ಯಾಂಡಿಕ್ಯಾಪ್ 30. ಜತೆಗೆ ಆಡಿದ ಮೂವತ್ತರ ಹುಡುಗ 79ರಲ್ಲಿ ಮುಗಿಸಿದ, ಅವನದು 6. ಮೇಷ್ಟ್ರ ಲೆಕ್ಕ 70, ಹುಡುಗನ ಲೆಕ್ಕ 73. ಗೆದ್ದವರು ಮೇಷ್ಟ್ರು, ಅದೂ ಯಾರ ದಯೆಯಿಂದಲೂ ಅಲ್ಲ. ತಮ್ಮ ಮಾಮೂಲಿ ಆಟಕ್ಕಿಂತ ಆ ದಿನ ಚೆನ್ನಾಗಿ ಆಡಿದ್ದರಿಂದ ಗೆದ್ದರು. ದೇಶಕ್ಕೊಂದು ರೀತಿ ಇದ್ದ ಈ ಲೆಕ್ಕವನ್ನು 2020ರಲ್ಲಿ ಜಗತ್ತಿಗೆಲ್ಲ ಒಂದೇ ಮಾಡಿ, ಮಿತಿಯನ್ನು ಗಂಡಸರಿಗೂ ಹೆಂಗಸರಿಗೂ 54ಕ್ಕೆ ಏರಿಸಿದರು. ಅಂದರೆ ತೀರಾ ಹೊಸಬರಿಗೂ, ಕೈ ಸೋತವರಿಗೂ ಲೆಕ್ಕದ ಪುಸ್ತಕದಲ್ಲಿ ಜಾಗ ಸಿಕ್ಕಿತು. ತಾತ, ಮಗ, ಮೊಮ್ಮಗಳು ಒಟ್ಟಿಗೆ ಆಡಿ ಮೂವರೂ ಮನಸ್ಸಿಟ್ಟು ಗೆಲ್ಲಲು ನೋಡಬಹುದಾದ ಆಟಗಳು ಹೆಚ್ಚಿಲ್ಲ.

ಇನ್ನೊಂದು ಅನುಕೂಲವನ್ನು ಕೊಟ್ಟವರು ಒಬ್ಬ ಡಾಕ್ಟರು. ಇಂಗ್ಲೆಂಡಿನ ವಾಲಸಿ ಎಂಬ ಊರಿನ ಕ್ಲಬ್ಬಿನಲ್ಲಿ 1932ರಲ್ಲಿ ಫ್ರ್ಯಾಂಕ್ ಸ್ಟೇಬಲ್‌ಫೋರ್ಡ್ ಎಂಬವರು ಅಂಕ ಎಣಿಸುವ ಬೇರೊಂದು ಕ್ರಮ ತಂದರು. ಅದರಲ್ಲಿ ಒಂದೊಂದು ಗುಳಿಗೂ ಪ್ರತ್ಯೇಕ ಅಂಕ. ಒಂದು ಕಡೆ ಎಷ್ಟೇ ಕೆಟ್ಟರೂ ಅಲ್ಲಿ ಸಿಗುವುದು ಸೊನ್ನೆ, ಅದಕ್ಕಿಂತ ಕೆಳಗಿಲ್ಲ. ಚೆಂಡು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಿನ ಗುಳಿಗೆ ಹೊರಡಬಹುದು. ಅಲ್ಲಿ ಹೊಸ ಲೆಕ್ಕ. ವಯಸ್ಸಾದ ಮೇಲೆ ಕಲಿಯುವವರಿಗೆ ನಾಚಿಕೆಯೇ ದೊಡ್ಡ ಅಡ್ಡಿ, ‘ನನ್ನಿಂದ ಎಲ್ಲರಿಗೂ ತಡ’ ಎಂಬ ಸಂಕೋಚ. ಆ ಸಂಕೋಚವನ್ನು ಈ ಕ್ರಮ ಅರ್ಧಕ್ಕರ್ಧ ಇಳಿಸುತ್ತದೆ.

ಈಗ ಗೆಳೆತನದ ಮಾತು. ಸಾಮಾನ್ಯವಾಗಿ ನಾಲ್ವರು ಒಂದು ಗುಂಪಾಗಿ ಆಡುತ್ತಾರೆ. 18 ಗುಳಿ ಮುಗಿಯಲು ನಾಲ್ಕು ಗಂಟೆ ಬೇಕು, ಏಳೆಂಟು ಕಿಲೋಮೀಟರ್ ನಡಿಗೆಯಾಗುತ್ತದೆ. ಆ ನಾಲ್ಕು ಗಂಟೆಯಲ್ಲಿ ಚೆಂಡು ಹೊಡೆಯುವ ಹೊತ್ತನ್ನು ಕೂಡಿಸಿದರೆ ಕೆಲವೇ ನಿಮಿಷ. ಉಳಿದದ್ದೆಲ್ಲ ನಡಿಗೆ, ಕಾಯುವುದು, ಮಾತು. ಎದುರುಬದುರು ಕೂತು ಮಾತಾಡಲು ನಮ್ಮ ಗಂಡಸರಿಗೆ ಬರುವುದಿಲ್ಲ. ಹೆಂಡತಿ ತೀರಿಕೊಂಡ ದುಃಖ, ಮಗನ ಕೆಲಸ ಹೋದ ಚಿಂತೆ, ತನಗೇ ಬಂದಿರುವ ಕಾಯಿಲೆ ಇವನ್ನೆಲ್ಲ ನುಂಗಿಕೊಂಡೇ ಇರುತ್ತಾರೆ. ಪಕ್ಕಪಕ್ಕ ನಡೆಯುವಾಗ, ಕಣ್ಣು ದೂರದ ಚೆಂಡಿನ ಮೇಲಿರುವಾಗ, ಅಂಥ ಮಾತು ತಾನಾಗಿ ಹೊರಬರುತ್ತದೆ. ಹೇಳಿದವನಿಗೂ ಮುಜುಗರವಿಲ್ಲ, ಕೇಳಿದವನು ತಕ್ಷಣ ಉತ್ತರ ಕೊಡಬೇಕಾಗಿಯೂ ಇಲ್ಲ. ಸ್ವಲ್ಪ ಹೊತ್ತಿಗೆ ಹೊಡೆಯುವ ಸರದಿ ಬರುತ್ತದೆ, ಮಾತು ನಿಲ್ಲುತ್ತದೆ, ಮತ್ತೆ ನಡೆಯುವಾಗ ಮುಂದುವರಿಯುತ್ತದೆ. ಜತೆಗೆ, ನಾಲ್ವರಲ್ಲಿ ಒಬ್ಬರು ಬರದಿದ್ದರೆ ಉಳಿದ ಮೂವರಿಗೆ ಗೊತ್ತಾಗುತ್ತದೆ. ‘ಯಾಕೆ ಬರಲಿಲ್ಲ?’ ಎಂದು ಕೇಳುವವರು ವಾರಕ್ಕೊಮ್ಮೆಯಾದರೂ ಇರುವುದು ಒಂಟಿಯಾಗಿರುವ ಹಿರಿಯರಿಗೆ ಎಷ್ಟು ದೊಡ್ಡದು ಎಂಬುದನ್ನು ಅವರನ್ನೇ ಕೇಳಿ ತಿಳಿಯಬೇಕು.

ಸಾಮಾನ್ಯ ಆಟದಲ್ಲಿ ಅಂಪೈರ್ ಇರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ತಪ್ಪಾದರೆ ಆಡಿದವರೇ ಹೇಳಿಕೊಂಡು ಒಂದು ಹೊಡೆತ ಹೆಚ್ಚಿಗೆ ಬರೆದುಕೊಳ್ಳಬೇಕು. 1925ರ ಯು.ಎಸ್. ಓಪನ್‌ನಲ್ಲಿ ಬಾಬಿ ಜೋನ್ಸ್ ಎಂಬ ಆಟಗಾರ ಹುಲ್ಲಿನಲ್ಲಿದ್ದ ತನ್ನ ಚೆಂಡು ತುಸು ಅಲುಗಿತು ಎಂದು ತಾನೇ ಹೇಳಿ ದಂಡ ಹಾಕಿಸಿಕೊಂಡರು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಕೊನೆಗೆ ಪಂದ್ಯ ಸಮವಾಗಿ, ಪ್ಲೇಆಫ್‌ನಲ್ಲಿ ಪ್ರಶಸ್ತಿ ವಿಲಿ ಮ್ಯಾಕ್‌ಫಾರ್ಲೇನ್ ಪಾಲಾಯಿತು. ಹೀಗೆ ಒಬ್ಬರ ಮಾತನ್ನು ಇನ್ನೊಬ್ಬರು ನಂಬಿಕೊಂಡು ವರ್ಷಗಟ್ಟಲೆ ಆಡಿದವರ ನಡುವೆ ಬೆಳೆಯುವ ಸಲುಗೆ ಗಟ್ಟಿಯಾದದ್ದು.

ಆರೋಗ್ಯಕ್ಕೆ ಒಳ್ಳೆಯದೇ ಎಂದು ಕೇಳುವವರಿಗೆ ಎರಡು ಅಧ್ಯಯನಗಳನ್ನು ಹೇಳಬಲ್ಲೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು ಮೂರು ಲಕ್ಷ ಗಾಲ್ಫ್ ಆಟಗಾರರ ದಾಖಲೆ ತೆಗೆದು, ಅದೇ ವಯಸ್ಸಿನ, ಅದೇ ಮಟ್ಟದ ಜೀವನ ನಡೆಸುವ ಉಳಿದವರ ಜತೆ ಹೋಲಿಸಿದರು. ಆಟಗಾರರಲ್ಲಿ ಸಾವಿನ ಪ್ರಮಾಣ ಶೇ. 40ರಷ್ಟು ಕಡಿಮೆ ಇತ್ತು. ಇದೆಲ್ಲ ಗಾಲ್ಫ್‌ನಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಮೊದಲೇ ಗಟ್ಟಿಮುಟ್ಟಾಗಿರುವವರು ತಾನೆ ಆಟಕ್ಕೆ ಬರುವುದು. ಎರಡನೆಯದು 2023ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನ. 65 ದಾಟಿದ 25 ಆಟಗಾರರು ಒಂದು ದಿನ 18 ಗುಳಿ ಆಡಿದರು, ಒಂದು ದಿನ ಆರು ಕಿಲೋಮೀಟರ್ ನಡೆದರು, ಮತ್ತೊಂದು ದಿನ ಎರಡೂ ಕೈಯಲ್ಲಿ ಕೋಲು ಹಿಡಿದು ಅಷ್ಟೇ ದೂರ ನಡೆದರು. ಮೂರರಲ್ಲಿ ಯಾವುದನ್ನು ಮಾಡಿದರೂ ಆಮೇಲಿನ ಪರೀಕ್ಷೆಯಲ್ಲಿ ಬುದ್ಧಿಯ ಚುರುಕು ಹೆಚ್ಚಿತ್ತು. ಹಾಗಾಗಿ ಬಬ್ಬೂರಿನ ದಾರಿಯಲ್ಲಿ ನಡೆಯುವವರು ಏನನ್ನೂ ಕಳೆದುಕೊಂಡಿಲ್ಲ. ಆದರೆ ಬರೀ ನಡಿಗೆಯನ್ನು ಮಳೆ ಬಂತೆಂದು, ಮಂಡಿ ನೋವೆಂದು ಬಿಟ್ಟುಬಿಡುವುದು ಸುಲಭ. ಜತೆಗಾರರು ಕಾಯುತ್ತಿರುವ ಆಟವನ್ನು ಅಷ್ಟು ಸುಲಭವಾಗಿ ಬಿಡಲಾಗುವುದಿಲ್ಲ.

ಕರ್ನಾಟಕಕ್ಕೆ ಈ ಆಟ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ, ಚಿಕ್ಕಮಗಳೂರಿನಲ್ಲಿ, ವಿರಾಜಪೇಟೆಯ ಬಳಿಯ ಬಿಟ್ಟಂಗಾಲದಲ್ಲಿ ಮೈದಾನಗಳಿವೆ. ಇವೆಲ್ಲ ದೊರೆ, ಗಣಿ ಸಾಹೇಬ, ಕಾಫಿ ತೋಟದ ಮಾಲೀಕರ ಜಾಗಗಳಾಗಿದ್ದವು ಎಂಬುದು ನಿಜ. ಆದರೆ ಆಟವನ್ನು ಅವರಷ್ಟೇ, ಎಷ್ಟೋ ಸಲ ಅವರಿಗಿಂತ ಚೆನ್ನಾಗಿ ಅರಿತವರು ಅವರ ಕೋಲುಗಳ ಚೀಲ ಹೊತ್ತ ಕ್ಯಾಡಿಗಳು. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ದುಡಿದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಬಳಿಯ ಹಳ್ಳಿಯ ಚಿಕ್ಕರಂಗಪ್ಪ ಪಕ್ಕದ ಮೈದಾನದಲ್ಲಿ ಆಟ ಕಲಿತು ವೃತ್ತಿ ಆಟಗಾರರಾದರು. ಅರವತ್ತರಲ್ಲಿ ಕಲಿಯಲು ಹೋಗುವವರಿಗೆ ನನ್ನ ಒಂದು ಮಾತು: ಹಳೆಯ ಕ್ಯಾಡಿಯೊಬ್ಬರು ಸಿಕ್ಕರೆ ಅವರನ್ನು ಗುರುವಾಗಿ ಕಾಣಿ. ಯಾವ ಗಾಳಿಗೆ ಯಾವ ಕೋಲು, ಎಲ್ಲಿ ಇಳಿಜಾರು ಕಣ್ಣಿಗೆ ಮೋಸ ಮಾಡುತ್ತದೆ ಎಂಬುದೆಲ್ಲ ಅವರ ಕಾಲಿಗೆ ಗೊತ್ತಿರುತ್ತದೆ.

ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರ ಮನೆಯಲ್ಲಿ ಮೊದಲು ಯಾರೂ ಈ ಆಟ ಆಡುತ್ತಿರಲಿಲ್ಲ. ಐದು ವರ್ಷದ ಮಗುವಿನ ಕುತೂಹಲದಿಂದ ಆಟ ಮನೆಯೊಳಗೆ ಬಂತು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಆಕೆಯ ಚೀಲ ಹೊತ್ತವರು ತಂದೆ. 2021ರಲ್ಲಿ ಟೋಕಿಯೊದಲ್ಲಿ ಆಕೆ ನಾಲ್ಕನೆಯವಳಾಗಿ, ಪದಕ ಕೂದಲೆಳೆಯಲ್ಲಿ ತಪ್ಪಿದಾಗ ಪಕ್ಕದಲ್ಲಿ ಚೀಲ ಹೊತ್ತು ನಡೆದವರು ತಾಯಿ. ಆ ತಾಯಿಯನ್ನು ಟಿ.ವಿ.ಯಲ್ಲಿ ನೋಡಿದಾಗ ನಮ್ಮೂರಿನ ಹೆಣ್ಣುಮಕ್ಕಳು ನೆನಪಾದರು. ಗಂಡಸರಿಗಾದರೂ ಇಸ್ಪೀಟು, ಕೇರಂ, ಕಟ್ಟೆ ಇವೆ. ಐವತ್ತೈದು ದಾಟಿದ ಅಕ್ಕಂದಿರಿಗೆ, ಅಮ್ಮಂದಿರಿಗೆ ಬಯಲಿನಲ್ಲಿ ಆಡುವ ಒಂದೇ ಒಂದು ಆಟವನ್ನು ನಾವು ಉಳಿಸಿಲ್ಲ. ಗಾಲ್ಫ್‌ನಲ್ಲಿ ಹೊಡೆಯುವ ಜಾಗಗಳು ಹಿಂದೆ ಮುಂದೆ ಬೇರೆಬೇರೆ ಇರುತ್ತವೆ. ಬಲ ಕಡಿಮೆ ಇರುವವರು ಮುಂದಿನ ಜಾಗದಿಂದ ಹೊಡೆಯುತ್ತಾರೆ. ಗಂಡ ಹೆಂಡತಿ ಜತೆಯಾಗಿ ಆಡಬಹುದು. ಗುಳಿಯ ಹತ್ತಿರದ ಸೂಕ್ಷ್ಮ ಕೆಲಸಕ್ಕೆ ತೋಳಿನ ಬಲ ಬೇಡವೇ ಬೇಡ, ಕಣ್ಣಳತೆ ಮತ್ತು ತಾಳ್ಮೆ ಬೇಕು.

ದುಡ್ಡಿನ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ದೊಡ್ಡ ಕ್ಲಬ್ಬುಗಳ ಸದಸ್ಯತ್ವ ಪೆನ್ಷನ್‌ನಲ್ಲಿ ಎಟುಕುವಂಥದ್ದಲ್ಲ. ಆದರೆ ಆಟದ ತವರು ಹಾಗಿರಲಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ, 1764ರಲ್ಲಿ 18 ಗುಳಿಗಳ ಕ್ರಮ ಹುಟ್ಟಿದ ಹಳೆಯ ಮೈದಾನ, ಇವತ್ತಿಗೂ ಸಾರ್ವಜನಿಕರದ್ದು. ಭಾನುವಾರ ಅಲ್ಲಿ ಮಾಮೂಲಾಗಿ ಆಟವಿಲ್ಲ, ಊರವರು ಮಕ್ಕಳನ್ನು, ನಾಯಿಗಳನ್ನು ಕರೆದುಕೊಂಡು ಅದೇ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ. ದೆಹಲಿಯ ಲಾಡೊ ಸರಾಯ್‌ನಲ್ಲಿ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರವೇ ನಡೆಸುವ ಕುತುಬ್ ಗಾಲ್ಫ್ ಕೋರ್ಸ್‌ನಲ್ಲಿ ಸದಸ್ಯರಲ್ಲದವರೂ ಶುಲ್ಕ ಕಟ್ಟಿ ಆಡಬಹುದು. ಈ ದಾರಿಯೇ ಸರಿ ಎಂದು ನನಗೆ ಅನಿಸುತ್ತದೆ.

ನೀರು ಮತ್ತು ನೆಲದ ಪ್ರಶ್ನೆ ಅದಕ್ಕಿಂತ ದೊಡ್ಡದು. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ ಕಾದ ತಾಲ್ಲೂಕು ನಮ್ಮದು. ಇಲ್ಲಿ ಆಟಕ್ಕೆಂದು ನೂರಾರು ಎಕರೆಗೆ ನೀರು ಹಾಯಿಸುವುದು ಪಾಪದ ಕೆಲಸ. ಚಳ್ಳಕೆರೆ ಕಡೆ ಅಮೃತಮಹಲ್ ಕಾವಲುಗಳು ದೊಡ್ಡ ಸಂಸ್ಥೆಗಳ ಪಾಲಾಗಿ ಕುರಿ ದನಗಳಿಗೆ ಮೇಯಲು ಜಾಗ ಕಡಿಮೆಯಾದದ್ದನ್ನು ಕಂಡವರು ನಾವು. ಉಳಿದ ಒಂದು ಗುಂಟೆ ಕಾವಲನ್ನೂ ಗಾಲ್ಫ್‌ಗೆ ಕೇಳಬಾರದು.

ಹಾಗೆಂದು ಒಣಸೀಮೆಯಲ್ಲಿ ಈ ಆಟ ಆಗುವುದೇ ಇಲ್ಲ ಎಂದಲ್ಲ. ಆಸ್ಟ್ರೇಲಿಯಾದ ಕೂಬರ್ ಪೀಡಿ ಎಂಬ ಗಣಿ ಊರಿನ ಮೈದಾನದಲ್ಲಿ ಹುಲ್ಲೇ ಇಲ್ಲ. ಗುಳಿಯ ಸುತ್ತ ಎಣ್ಣೆ ಬೆರೆಸಿ ಬಿಗಿ ಮಾಡಿದ ಮರಳು. ಆಡುವವರು ಒಂದು ತುಂಡು ಕೃತಕ ಹುಲ್ಲನ್ನು ಜತೆಗೇ ಒಯ್ದು, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಾರೆ. ಹುಲ್ಲೇ ಬೇಕೆಂದರೂ ಬಿಸಿ ನಾಡುಗಳ ಗಾಲ್ಫ್ ಮೈದಾನಗಳಲ್ಲಿ ಹೆಚ್ಚಾಗಿ ಬೆಳೆಸುವ ಬರ್ಮುಡಾ ಹುಲ್ಲು ಬೇರೇನೂ ಅಲ್ಲ, ನಾವು ಗಣಪತಿಗೆ ಏರಿಸುವ ಗರಿಕೆ ಮತ್ತು ಅದರಿಂದ ಬೆಳೆಸಿದ ತಳಿಗಳು. ನಮ್ಮ ಹೊಲದ ಬದುಗಳಲ್ಲಿ ಯಾರೂ ಕೇಳದೆ ಬೆಳೆಯುವಂಥದ್ದು, ಬರಕ್ಕೆ ಬಗ್ಗಿ ಮಳೆಗೆ ಏಳುವಂಥದ್ದು.

ಬಬ್ಬೂರು ಫಾರಂನಲ್ಲಿ ಶಿವಮೊಗ್ಗದ ಕೆಳದಿ ಶಿವಪ್ಪನಾಯಕ ವಿಶ್ವವಿದ್ಯಾಲಯಕ್ಕೆ ಸೇರಿದ ತೋಟಗಾರಿಕೆ ಕಾಲೇಜು ಇದೆ, ಸಂಶೋಧನಾ ಕೇಂದ್ರ ಇದೆ. ಹೂ, ಹಣ್ಣು, ಹುಲ್ಲುಹಾಸು ಓದುವ ಮಕ್ಕಳಿದ್ದಾರೆ. ಐದಾರು ಗುಂಟೆ ಜಾಗದಲ್ಲಿ, ಒಮ್ಮೆ ಬಳಸಿದ ನೀರಿನಲ್ಲೇ, ಆ ಮಕ್ಕಳ ಪಾಠದ ಭಾಗವಾಗಿ ಗರಿಕೆಯ ಒಂದು ಹಾಸು ಬೆಳೆಸಿ ಆರೇಳು ಗುಳಿ ತೋಡಿದರೆ ಸಾಕು, ಪಟರ್ ಎಂಬ ಒಂದೇ ಕೋಲಿನಿಂದ ಆಡುವ ಗುಳಿಯಾಟಕ್ಕೆ ಅಂಗಳ ಸಿದ್ಧ. ಹುಲ್ಲು ಕಷ್ಟವೆಂದರೆ ಮಟ್ಟ ಮಾಡಿದ ಮಣ್ಣೂ ಆದೀತು. ಜಗತ್ತಿನ ಎಷ್ಟೋ ಊರುಗಳಲ್ಲಿ ಇಂಥ ಪುಟ್ಟ ಅಂಗಳಗಳು ಪಾರ್ಕುಗಳಲ್ಲೇ ಇವೆ. ಬೆಳಿಗ್ಗೆ ನಡೆದು ಬಂದವರು ಅರ್ಧ ಗಂಟೆ ಅಲ್ಲಿ ನಿಂತು ಆಡಿ, ಮಾತಾಡಿ, ಮನೆಗೆ ಹೋಗಬಹುದು. ಕಾಲೇಜಿನವರು, ನಗರಸಭೆಯವರು ಮನಸ್ಸು ಮಾಡಬೇಕೆಂದು ಕೈಮುಗಿದು ಕೇಳುತ್ತೇನೆ.

ಬೆಂಗಳೂರಿನಲ್ಲಿ, ಹೊರದೇಶದಲ್ಲಿ ಇರುವವರು ಕಾಯಬೇಕಾಗಿಲ್ಲ. ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಮುಖ್ಯವಾಗಿ ಬೆನ್ನು, ಭುಜ, ಹೃದಯದ ತೊಂದರೆ ಇದ್ದವರು. ಕೋಲು ಕೊಳ್ಳಲು ಓಡಬೇಡಿ. ಡ್ರೈವಿಂಗ್ ರೇಂಜ್ ಎಂದು ಕರೆಯುವ ಅಭ್ಯಾಸದ ಜಾಗದಲ್ಲಿ ಬಾಡಿಗೆ ಕೋಲು ಕೇಳಿ ನೋಡಿ, ಕಲಿಸುವವರ ಹತ್ತಿರ ಕೆಲವು ಪಾಠ ಹೇಳಿಸಿಕೊಳ್ಳಿ. ಗುಳಿಯ ಹತ್ತಿರದಿಂದ ಶುರು ಮಾಡಿ ದೂರಕ್ಕೆ ಹೋಗಿ. ಮೊದಲು ಪಟರ್, ಆಮೇಲೆ ಏಳನೇ ನಂಬರಿನ ಐರನ್ ಎಂಬ ಕೋಲಿನಿಂದ ಅರ್ಧ ಬೀಸು. ಪೂರ್ತಿ ಬೀಸುವ ಆತುರದಲ್ಲೇ ಸೊಂಟ ಹಿಡಿಯುವುದು. ಒಂಬತ್ತು ಗುಳಿ ಆಡಿ ನಿಲ್ಲಿಸಿದರೆ ಅವಮಾನವೇನಿಲ್ಲ. ಶುಗರ್ ಇದ್ದವರು ಚೀಲದಲ್ಲಿ ಬಾಳೆಹಣ್ಣು, ಬಿಸ್ಕತ್ತು ಇಟ್ಟುಕೊಂಡಿರಬೇಕು. ನಾಲ್ಕು ಗಂಟೆ ನಡಿಗೆಯಲ್ಲಿ ಸಕ್ಕರೆ ಇಳಿಯುವ ಸಾಧ್ಯತೆ ಇದೆ. ಟೋಪಿ, ನೀರು ಮರೆಯಬೇಡಿ.

ಅಮೆರಿಕದಲ್ಲಿ ಮಗಳ ಮನೆಗೆ ಹೋದವರಿಗೆ ಇನ್ನೂ ಸುಲಭ. ಅಲ್ಲಿ ನಗರಸಭೆ, ಕೌಂಟಿ, ರಾಜ್ಯ ಸರ್ಕಾರಗಳೇ ನಡೆಸುವ ಮೈದಾನಗಳು ಬೇಕಾದಷ್ಟಿವೆ. ಯು.ಎಸ್. ಓಪನ್ ನಡೆದ ನ್ಯೂಯಾರ್ಕಿನ ಬೆತ್‌ಪೇಜ್ ಕೂಡ ಸರ್ಕಾರದ್ದೇ. ವಾರದ ನಡುವಿನ ದಿನಗಳಲ್ಲಿ ದರ ಕಡಿಮೆ ಇರುತ್ತದೆ, ಅನೇಕ ಕಡೆ ಹಿರಿಯರಿಗೆ ರಿಯಾಯಿತಿಯೂ ಇದೆ. ಜತೆಗೆ ಯಾರೂ ಇಲ್ಲವೆಂದು ಹಿಂಜರಿಯಬೇಡಿ. ಒಬ್ಬರೇ ಹೋದರೆ ಅಲ್ಲಿ ಸರದಿ ನೋಡಿಕೊಳ್ಳುವ ಸ್ಟಾರ್ಟರ್ ನಿಮ್ಮನ್ನು ಇಬ್ಬರು ಮೂವರ ಇನ್ನೊಂದು ಗುಂಪಿಗೆ ಸೇರಿಸಿ ಕಳಿಸುತ್ತಾನೆ. ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ನಡೆಯುತ್ತದೆ. ಹೆಸರು ಹೇಳಿ, ಊರು ಹಿರಿಯೂರು ಎಂದು ಹೇಳಿ, ನಿಮ್ಮ ಸರದಿ ಬಂದಾಗ ಹೊಡೆಯಿರಿ.